ಬಟ್ಟಲು ಖಾಲಿಯಾಗಲೇಬೇಕೆಂದಿಲ್ಲ

ನಮಸ್ಕಾರ. ಏಳು ತಿಂಗಳ ಮಗಳು ಅರ್ಧ ಬಟ್ಟಲು ಉಂಡು ಮುಖ ತಿರುಗಿಸಿದಾಗ ಉಳಿದದ್ದನ್ನು ಹೇಗಾದರೂ ತಿನ್ನಿಸಬೇಕೇ, ಹಾಗೆ ಮಾಡಿದರೆ ಮುಂದೆ ಬೊಜ್ಜು ಬಂದೀತೇ ಎಂದು ಕೇಳಿದ್ದೀರಿ. ದಯವಿಟ್ಟು ಒತ್ತಾಯಿಸಬೇಡಿ. ತುಟಿ ಬಿಗಿಹಿಡಿಯುವುದು, ಚಮಚವನ್ನು ಕೈಯಿಂದ ತಳ್ಳುವುದು, ಬಾಯಲ್ಲಿಟ್ಟ ತುತ್ತನ್ನು ನಾಲಿಗೆಯಿಂದ ಹೊರದಬ್ಬುವುದು, ಇವೆಲ್ಲ ಹೊಟ್ಟೆ ತುಂಬಿತೆಂದು ಮಗು ಹೇಳುವ ಮಾತುಗಳೇ. ಅವನ್ನು ಪದೇ ಪದೇ ಮೀರಿ ಉಣಿಸುತ್ತ ಹೋದರೆ, ಹಸಿವು ತೀರಿದೊಡನೆ ನಿಲ್ಲಿಸುವ ಹುಟ್ಟುಗುಣವೇ ಮಸುಕಾಗಬಹುದು, ಬೊಜ್ಜಿಗೆ ದಾರಿಯಾಗುವುದೂ ಅದೇ. ಅತ್ತಾಗಲೆಲ್ಲ ಹಾಲು ಕೊಡುವುದೂ ಇದೇ ಬಗೆಯದು: ಅಳುವಿಗೆ ನಿದ್ದೆ, ಒದ್ದೆ ಬಟ್ಟೆ, ಎತ್ತಿಕೊಳ್ಳಲೆಂಬ ಆಸೆ, ಯಾವುದೂ ಕಾರಣವಾಗಿರಬಹುದು.

ಎದೆಹಾಲು ಕುಡಿಯುತ್ತಿದ್ದರೆ ಮುಂದುವರಿಸಿ. ಹಣ್ಣಿನ ರಸ 1 ವರ್ಷದವರೆಗೆ, ಸಕ್ಕರೆ ಬೆರೆಸಿದ ತಿನಿಸು 2 ವರ್ಷದವರೆಗೆ ಬೇಡ. ನಿದ್ದೆಯನ್ನಂತೂ ಹಗುರವಾಗಿ ಕಾಣಬೇಡಿ; 4ರಿಂದ 11 ತಿಂಗಳ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ಬೇಕೆಂದೂ, ವರ್ಷದೊಳಗಿನವರಿಗೆ ಮೊಬೈಲ್, ಟಿವಿ ಸಲ್ಲದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗೆಂದು ಬೊಜ್ಜಿನ ಭಯದಿಂದ ಊಟ ಕಡಿಮೆ ಮಾಡಲೂ ಹೋಗಬೇಡಿ. ಮುಂದಿನ ಲಸಿಕೆಗೆ ಹೋದಾಗ ಮಗುವಿನ ತೂಕವನ್ನು ಉದ್ದದೊಂದಿಗೆ ಹೋಲಿಸಿ, ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ ತೋರಿಸುವಂತೆ ವೈದ್ಯರನ್ನು ಕೇಳಿ.