ಕೀಟ ಕಚ್ಚಿದ್ದಕ್ಕೆ ನಾನೇ ಒಂದು ಮುಲಾಮು ಮಾಡಿದ್ದೇನೆ, ಇದನ್ನು ಮುಂದೆ ತೆಗೆದುಕೊಂಡು ಹೋಗೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅಡುಗೆ ಸೋಡ, ಪಪಾಯಿ ಕಾಯಿಯಿಂದ ಒಸರುವ ಹಾಲು, ಪುದೀನ ಎಣ್ಣೆ, ಇಷ್ಟನ್ನು ಜೇನುಮೇಣದಲ್ಲಿ ಕಲಸಿ ಮುಲಾಮು ಮಾಡಿದ್ದೀರಿ. ಜೇನು, ಕಣಜ, ಇರುವೆ, ಸೊಳ್ಳೆ ಯಾವುದು ಕಚ್ಚಿದರೂ ಹತ್ತು ನಿಮಿಷದಲ್ಲಿ ನೋವು ಇಳಿಯುತ್ತದೆ ಅಂತ ಬರೆದಿದ್ದೀರಿ. ಮನೆಯವರು, ಗೆಳೆಯರು ಎಲ್ಲರೂ ಮೆಚ್ಚಿದ್ದಾರೆ, ಮಾರಾಟಕ್ಕೆ ತರಬಹುದಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಹನ್ನೆರಡು ವರ್ಷದಿಂದ ಜೇನು ಸಾಕುತ್ತಿದ್ದೇನೆ. ನಿಮ್ಮದರಂಥದ್ದೇ ಒಂದು ಮುಲಾಮನ್ನು ನಾನೂ ಮಾಡಿದ್ದೆ. ಎರಡು ವರ್ಷ ಅದರ ಹಿಂದೆ ಬಿದ್ದಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಆ ಹತ್ತು ನಿಮಿಷದ ಮಾತು. ಜೇನು ಕುಟುಕಿದಾಗ ಚುರುಕ್ಕನೆ ಏಳುವ ನೋವು ಏನೂ ಹಚ್ಚದಿದ್ದರೂ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲೇ ಇಳಿಯತೊಡಗುತ್ತದೆ. ಊತ, ತುರಿಕೆ ಆಮೇಲೆ ಬರುತ್ತವೆ, ಒಂದೆರಡು ದಿನ ಇದ್ದು ಹೋಗುತ್ತವೆ. ಆ ಹೊತ್ತಿನಲ್ಲಿ ಏನು ಹಚ್ಚಿದರೂ ಒಳ್ಳೆ ಹೆಸರು ಅದಕ್ಕೇ ಬರುತ್ತದೆ. ಸುಮ್ನೆ ನೀರು ಹಚ್ಚಿದರೂ ಅಷ್ಟೇ. ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ವಿಷಯ ಇದು.

ಇದರಲ್ಲಿ ದೊಡ್ಡ ವೈದ್ಯರೂ ಎಡವಿದ್ದಾರೆ. ಕೀಟದ ವಿಷಕ್ಕೆ ತೀವ್ರ ಅಲರ್ಜಿ ಇರುವವರಿಗೆ 1930ರ ಸುಮಾರಿನಿಂದ ಒಂದು ಚಿಕಿತ್ಸೆ ಕೊಡುತ್ತಿದ್ದರು. ಇಡೀ ಹುಳವನ್ನೇ ಅರೆದು, ಸಾರ ತೆಗೆದು, ಸ್ವಲ್ಪ ಸ್ವಲ್ಪವಾಗಿ ಚುಚ್ಚುವುದು. ಹಲವಾರು ವರ್ಷ ಅದನ್ನೇ ನಂಬಿದ್ದರು, ಯಾಕೆಂದರೆ ಚಿಕಿತ್ಸೆ ಪಡೆದ ಎಷ್ಟೋ ಜನ ಮುಂದಿನ ಸಲ ಕಚ್ಚಿಸಿಕೊಂಡಾಗ ಚೆನ್ನಾಗೇ ಇದ್ದರು. 1978ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಮೂರು ಗುಂಪು ಮಾಡಿದರು. ಒಂದಕ್ಕೆ ಶುದ್ಧ ವಿಷದ ಚುಚ್ಚುಮದ್ದು, ಒಂದಕ್ಕೆ ಹುಳದ ಸಾರ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಪ್ಲಸೀಬೊ. ಆಮೇಲೆ ತಮ್ಮ ಕಣ್ಣೆದುರಿಗೇ ಕುಟುಕಿಸಿದರು. ಪ್ಲಸೀಬೊ ಪಡೆದ 12 ಜನರಲ್ಲಿ 7 ಮಂದಿಗೆ ಮೈಯೆಲ್ಲ ಅಲರ್ಜಿ ಎದ್ದಿತು. ಹುಳದ ಸಾರ ಪಡೆದ 11 ಜನರಲ್ಲೂ 7 ಮಂದಿಗೆ ಎದ್ದಿತು. ಶುದ್ಧ ವಿಷ ಪಡೆದ 18 ಜನರಲ್ಲಿ ಒಬ್ಬರಿಗೆ ಮಾತ್ರ. ಅಂದರೆ ಅಷ್ಟು ವರ್ಷ ಕೊಟ್ಟ ಸಾರಕ್ಕೂ ಏನೂ ಇಲ್ಲದ ಚುಚ್ಚುಮದ್ದಿಗೂ ವ್ಯತ್ಯಾಸವೇ ಇರಲಿಲ್ಲ. ಪಕ್ಕದಲ್ಲಿ ಇಟ್ಟು ನೋಡುವ ತನಕ ಯಾರಿಗೂ ಗೊತ್ತಾಗಲಿಲ್ಲ. ಈ ಕಥೆ ಓದಿದ ದಿನವೇ ನನ್ನ ಡಬ್ಬಿಯ ಮೇಲೆ ನನಗೆ ಅನುಮಾನ ಶುರುವಾಯಿತು.

ನಾನು ಮಾಡಿದ್ದು ಇಷ್ಟು. ಒಬ್ಬ ಗೆಳೆಯನಿಗೆ ಒಂದೇ ತರದ ಎರಡು ಡಬ್ಬಿ ಕೊಟ್ಟೆ. ಒಂದರಲ್ಲಿ ಸೋಡ ಬೆರೆಸಿದ ಮುಲಾಮು, ಇನ್ನೊಂದರಲ್ಲಿ ಬರೀ ಮೇಣ ಮತ್ತು ಎಣ್ಣೆ ತುಂಬಲು ಹೇಳಿದೆ. ಯಾವುದರಲ್ಲಿ ಏನಿದೆ ಅಂತ ಅವನು ಚೀಟಿಯಲ್ಲಿ ಬರೆದು ತನ್ನ ಹತ್ತಿರವೇ ಇಟ್ಟುಕೊಂಡ. ಸೋಡದ ಹರಳು ಬೆರಳಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಎರಡನೇ ಡಬ್ಬಿಗೂ ಅಂಥದ್ದೇ ಹರಳು ಹರಳಾದ ಪುಡಿ ಸೇರಿಸಬೇಕಾಯಿತು. ಪುದೀನ ವಾಸನೆ ಮುಚ್ಚಿಡುವುದು ಸಾಧ್ಯವೇ ಇರಲಿಲ್ಲ, ಹಾಗಾಗಿ ಎರಡರಿಂದಲೂ ಅದನ್ನು ತೆಗೆದೆವು. ಬೇಕೆಂದೇ ಒಂದು ಸಲವೂ ಕಚ್ಚಿಸಿಕೊಳ್ಳಲಿಲ್ಲ, ನೀವೂ ದಯವಿಟ್ಟು ಹಾಗೆ ಮಾಡಬೇಡಿ. ಜೇನುಪೆಟ್ಟಿಗೆ ತೆರೆದು ಒಳಗಿನ ಎರಿ ನೋಡುವಾಗ ತಾನಾಗಿ ಬಿದ್ದ ಕುಟುಕುಗಳೇ ಸಾಕಷ್ಟಿದ್ದವು. ಪ್ರತಿ ಸಲ ನಾಣ್ಯ ಚಿಮ್ಮಿ ಯಾವ ಡಬ್ಬಿ ಅಂತ ತೀರ್ಮಾನ. ಒಂದು, ಐದು, ಹತ್ತು, ಮೂವತ್ತನೇ ನಿಮಿಷಕ್ಕೆ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಅಂಕ ಬರೆಯುವುದು. ಮರುದಿನ ಬೆಳಿಗ್ಗೆ ಊತದ ಅಗಲ ಅಳೆಯುವುದು.

ನಲವತ್ತು ಕುಟುಕು ಆದಮೇಲೆ ಚೀಟಿ ಬಿಡಿಸಿದೆವು. ಎರಡು ಡಬ್ಬಿಗೂ ಏನೂ ವ್ಯತ್ಯಾಸ ಇರಲಿಲ್ಲ. ನೋವಿನಲ್ಲೂ ಇಲ್ಲ, ಊತದಲ್ಲೂ ಇಲ್ಲ. ತುಂಬಾ ಬೇಜಾರಾಯಿತು. ಆದರೆ ಅಂಕ ಬರೆದಿಟ್ಟ ಆ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ, ಮುಲಾಮಿಗಿಂತ ಅದೇ ನನಗೆ ಜಾಸ್ತಿ ಕಲಿಸಿತು.

ಸೋಡ ಯಾಕೆ ಸೋತಿತು ಅಂತ ಆಮೇಲೆ ತಿಳಿಯಿತು. ಜೇನಿನ ವಿಷ ಆಮ್ಲ, ಅದಕ್ಕೆ ಸೋಡ ಹಚ್ಚಿ. ಕಣಜದ್ದು ಕ್ಷಾರ, ಅದಕ್ಕೆ ವಿನೆಗರ್ ಹಚ್ಚಿ ಅಂತ ಹೇಳುತ್ತಾರಲ್ವಾ, ನಾನೂ ಅದನ್ನೇ ನಂಬಿದ್ದೆ. ಜೇನಿನ ವಿಷ ಸ್ವಲ್ಪ ಆಮ್ಲವೇ ಹೌದು, ಆದರೆ ನೋವು ಬರುವುದು ಆಮ್ಲದಿಂದಲ್ಲ. ಒಣಗಿದ ವಿಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೆಲಿಟಿನ್ ಅನ್ನುವ ಪೆಪ್ಟೈಡ್, ಅಂದರೆ ಪ್ರೋಟೀನಿನಂಥದ್ದೇ ಸಣ್ಣ ಅಣು ಇರುತ್ತದೆ. ಅದು ಜೀವಕೋಶದ ಪೊರೆಗೆ ತೂತು ಹಾಕುತ್ತದೆ. ಫಾಸ್ಫೊಲೈಪೇಸ್ ಅನ್ನುವ ಕಿಣ್ವ ಅದರ ಜೊತೆ ಕೈಜೋಡಿಸುತ್ತದೆ. ಕಣಜದ ವಿಷ ಬೇರೆಯೇ ಮಿಶ್ರಣ, ಕ್ಷಾರ ಅನ್ನುವಷ್ಟು ಕ್ಷಾರವೂ ಅಲ್ಲ. ಇರುವೆಗಳಲ್ಲೂ ಎಲ್ಲ ಒಂದೇ ಅಲ್ಲ. ಕೆಲವು ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ, ಬೆಂಕಿ ಇರುವೆಯ ವಿಷದಲ್ಲಿ ಬಹುಪಾಲು ಆಲ್ಕಲಾಯ್ಡ್ ಅನ್ನುವ ಬೇರೆಯೇ ಜಾತಿಯ ರಾಸಾಯನಿಕ ಇರುತ್ತದೆ. ಸೊಳ್ಳೆಯದು ವಿಷವೇ ಅಲ್ಲ. ಅದರ ಜೊಲ್ಲಿಗೆ ನಮ್ಮ ಮೈ ತೋರಿಸುವ ಅಲರ್ಜಿಯೇ ಆ ತುರಿಕೆ. ಇಷ್ಟು ಬೇರೆ ಬೇರೆ ಕಾಯಿಲೆಗೆ ಒಂದೇ ಮದ್ದು ವಿಷವನ್ನು ಕೊಲ್ಲುತ್ತದೆ ಅನ್ನುವುದು ಕಷ್ಟ.

ನಿಮ್ಮ ಪಪಾಯಿ ಹಾಲಿನ ಬಗ್ಗೆ ನನಗೆ ನಿಜವಾಗಲೂ ಆತಂಕ ಇದೆ. ಅದರ ಪಪೇನ್ ಕಿಣ್ವ ವಿಷದ ಪ್ರೋಟೀನನ್ನು ಒಡೆಯುತ್ತದೆ ಅನ್ನೋದು ನಿಮ್ಮ ಲೆಕ್ಕ. ಪರೀಕ್ಷಾ ನಳಿಕೆಯಲ್ಲಿ ಒಡೆಯಬಹುದು. ಆದರೆ ವಿಷ ಇರುವುದು ಚರ್ಮದ ಒಳಗೆ. ಅಣುವಿನ ತೂಕವನ್ನು ಡಾಲ್ಟನ್ ಲೆಕ್ಕದಲ್ಲಿ ಅಳೆಯುತ್ತಾರೆ. ಗಾಯವಿಲ್ಲದ ಚರ್ಮ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುಗಳನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಪಪೇನ್ 23,000 ಡಾಲ್ಟನ್ ಹತ್ತಿರ ಇದೆ. ಕುಟುಕಿದ ತೂತು ಸೂಜಿಯ ಮೊನೆಗಿಂತ ಸಣ್ಣದು. ಜೊತೆಗೆ ಪಪೇನೇ ಅಲರ್ಜಿ ತರಿಸುತ್ತದೆ. ಹಚ್ಚುವ ಪಪೇನ್ ಔಷಧಿಗಳಿಂದ ಕೆಲವರಿಗೆ ರಕ್ತದೊತ್ತಡ ಕುಸಿಯುವಷ್ಟು ತೊಂದರೆಯಾದ ವರದಿಗಳು ಬಂದಮೇಲೆ, ಅನುಮತಿ ಇಲ್ಲದ ಅಂಥ ಔಷಧಿಗಳ ಮಾರಾಟ ನಿಲ್ಲಿಸಿ ಅಂತ 2008ರಲ್ಲಿ ಅಮೆರಿಕದ ಔಷಧ ಇಲಾಖೆ ಹೇಳಿತು. ಮೊದಲೇ ಅಲರ್ಜಿಯಿಂದ ಕೆರಳಿದ ಚರ್ಮಕ್ಕೆ ಇನ್ನೊಂದು ಅಲರ್ಜಿ ಹಚ್ಚಬೇಡಿ. ಅದನ್ನು ಇವತ್ತೇ ತೆಗೆದುಬಿಡಿ.

ಪುದೀನ ಬೇರೆ ವಿಷಯ. ಅದರ ಮೆಂಥಾಲ್ 156 ಡಾಲ್ಟನ್ ಅಷ್ಟೇ, ಚರ್ಮದೊಳಗೆ ಇಳಿಯುತ್ತದೆ. ತಂಪನ್ನು ಗುರುತಿಸುವ ನರವನ್ನು ಎಬ್ಬಿಸುತ್ತದೆ, ಆ ತಂಪು ತುರಿಕೆಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ವಿಷಕ್ಕೆ ಏನೂ ಮಾಡುವುದಿಲ್ಲ, ಆದರೆ ತುರಿಸಿಕೊಳ್ಳದ ಹಾಗೆ ಮಾಡಿದರೂ ಅದು ಉಪಕಾರವೇ. ನಿಮ್ಮ ಮುಲಾಮಿನಲ್ಲಿ ನನಗೆ ಭರವಸೆ ಇರುವುದು ಇಲ್ಲಿ ಮಾತ್ರ. ಶಿಶುಗಳ ಮುಖದ ಹತ್ತಿರ ಮೆಂಥಾಲ್ ತರಬಾರದು, ಉಸಿರು ಕಟ್ಟಬಹುದು. ಅದನ್ನು ಡಬ್ಬಿಯ ಮೇಲೆ ಬರೆಯಲೇಬೇಕು.

ನಿಮ್ಮ ಪೈಪೋಟಿ ಯಾರ ಜೊತೆ ಅಂತಲೂ ತಿಳಿದಿರಲಿ. ತಣ್ಣನೆ ಬಟ್ಟೆ, ಊತ ತುರಿಕೆ ಇಳಿಸುವ ಒಂದು ಪರ್ಸೆಂಟ್ ಹೈಡ್ರೊಕಾರ್ಟಿಸೋನ್ ಕ್ರೀಮ್, ಅಲರ್ಜಿ ತಗ್ಗಿಸಲು ನುಂಗುವ ಆಂಟಿಹಿಸ್ಟಮಿನ್ ಮಾತ್ರೆ. ಜೇನಿನ ವಿಷಯದಲ್ಲಿ ಇವೆಲ್ಲಕ್ಕಿಂತ ಮೊದಲು ಮುಳ್ಳು ಕೀಳಬೇಕು. ಜೇನು ಹಾರಿಹೋದರೂ ಮುಳ್ಳಿನ ಜೊತೆ ವಿಷದ ಚೀಲ ಚರ್ಮದಲ್ಲೇ ಉಳಿದು ಒಳಗೆ ಪಂಪ್ ಮಾಡುತ್ತಿರುತ್ತದೆ. ಚಿವುಟಿ ಕಿತ್ತರೆ ವಿಷ ಜಾಸ್ತಿ ಇಳಿಯುತ್ತದೆ, ಕೆರೆದೇ ತೆಗೆಯಬೇಕು ಅನ್ನುತ್ತಿದ್ದರು. 1996ರಲ್ಲಿ ಅಳೆದು ನೋಡಿದಾಗ ಹೇಗೆ ಕಿತ್ತರೂ ಒಂದೇ, ಎಷ್ಟು ಬೇಗ ಕಿತ್ತೆವು ಅನ್ನೋದು ಮಾತ್ರ ಲೆಕ್ಕಕ್ಕೆ ಬಂತು. ಯಾರಾದರೂ ನಿಮ್ಮ ಡಬ್ಬಿ ಹುಡುಕುತ್ತಾ ಮುಳ್ಳನ್ನು ಹಾಗೇ ಬಿಟ್ಟರೆ ಮುಲಾಮಿನಿಂದ ನಷ್ಟವೇ ಆಗುತ್ತದೆ.

ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ಗಂಧೆ ಎದ್ದರೆ, ನಾಲಿಗೆ ಅಥವಾ ಗಂಟಲು ಊದಿದರೆ, ಉಸಿರು ಕಷ್ಟವಾದರೆ, ತಲೆ ಸುತ್ತಿ ಬೀಳುವಂತಾದರೆ ಯಾವ ಮುಲಾಮೂ ಬೇಡ. ಅಡ್ರಿನಲಿನ್ ಚುಚ್ಚುಮದ್ದು ಹತ್ತಿರ ಇದ್ದರೆ ತಕ್ಷಣ ತೊಡೆಗೆ ಚುಚ್ಚಿ, ತುರ್ತು ಚಿಕಿತ್ಸೆಗೆ ಓಡಬೇಕು. ನಮ್ಮ ಜೇನು ಸಾಕುವವರ ಪೈಕಿ ಒಬ್ಬರು ಹೀಗೆ ನೆಲಕ್ಕೆ ಕುಸಿದಾಗ ಪಕ್ಕದಲ್ಲಿದ್ದವರು ಯಾವುದೋ ಕ್ರೀಮ್ ಹಚ್ಚುತ್ತಾ ಕಾಲ ಕಳೆದಿದ್ದರು. ಅವರು ಬದುಕಿದರು. ಆ ಕೆಲವು ನಿಮಿಷ ನೆನೆದರೆ ನನಗೆ ಇವತ್ತಿಗೂ ಕೈ ನಡುಗುತ್ತದೆ. "ಎಲ್ಲ ಕೀಟದ ಕಡಿತಕ್ಕೂ ರಾಮಬಾಣ" ಅಂತ ಡಬ್ಬಿಯ ಮೇಲೆ ಬರೆಯಬೇಡಿ ಅನ್ನುವುದು ಇದಕ್ಕೇ.

ಮಾರಾಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗುಣಪಡಿಸುತ್ತದೆ ಅಂದ ಕೂಡಲೇ ಬಹಳ ದೇಶಗಳಲ್ಲಿ ಅದು ಔಷಧಿ ಆಗುತ್ತದೆ, ಔಷಧಿಯ ನಿಯಮಗಳೆಲ್ಲ ಬರುತ್ತವೆ. ಪೇಟೆಂಟ್ ಬೇಕಿದ್ದರೆ ಮುಲಾಮಿಗೆ ಏನೇನು ಹಾಕಿದ್ದೀರಿ ಅನ್ನೋದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯಬಾರದು, ನೀವು ಈಗಾಗಲೇ ಪ್ರಶ್ನೆಯಲ್ಲೇ ಬರೆದುಬಿಟ್ಟಿದ್ದೀರಿ. ಕೆಲವು ದೇಶಗಳಲ್ಲಿ ಅದಾದ ಮೇಲೂ ಅರ್ಜಿ ಹಾಕಲು ಸ್ವಲ್ಪ ಕಾಲಾವಕಾಶ ಇದೆ, ಬೇಗ ವಿಚಾರಿಸಿ.

ಆದರೆ ಅದಕ್ಕೂ ಮೊದಲು ಎರಡು ಡಬ್ಬಿ ಮಾಡಿ. ಪುದೀನ ಇರುವುದೊಂದು, ಇಲ್ಲದ್ದೊಂದು. ವಾಸನೆಯಿಂದ ಯಾವುದು ಅಂತ ಗೊತ್ತಾಗೇ ಆಗುತ್ತದೆ, ಆ ತೊಡಕನ್ನು ನಾನು ಇನ್ನೂ ಬಿಡಿಸಿಲ್ಲ. ಎರಡಕ್ಕೂ ಪುದೀನ ವಾಸನೆ ಬರಿಸಿ, ಒಂದಕ್ಕೆ ಮಾತ್ರ ಮೆಂಥಾಲ್ ಪೂರ್ತಿ ಪ್ರಮಾಣದಲ್ಲಿ ಹಾಕುವ ಯೋಚನೆ ಇದೆ. ನಿಮಗೆ ಬೇರೆ ಉಪಾಯ ಹೊಳೆದರೆ ಇಲ್ಲೇ ಬರೆಯಿರಿ, ಈ ಸಲ ಇಬ್ಬರೂ ಸೇರಿ ಲೆಕ್ಕ ಇಡೋಣ.