ಟೊಪೀಕಾದ ಶಾಲೆಯ ಸೂರು ಸೋರುತ್ತಿರಲಿಲ್ಲ

ನಮಸ್ಕಾರ. ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಬೇರೆ ಇಡುವುದು ತಪ್ಪೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಬ್ರೌನ್ ಪ್ರಕರಣದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ಸರಾಗವಾಗಿದೆ, ಆರಂಭ ಚೆನ್ನಾಗಿದೆ. ಎರಡನೇ ಪ್ಯಾರಾದಲ್ಲಿ ಮಾತ್ರ ಕೈಗೆತ್ತಿಕೊಂಡ ಕೆಂಪು ಪೆನ್ನನ್ನು ಆಮೇಲೆ ಕೆಳಗಿಡಲಾಗಲಿಲ್ಲ.

‘ಟೊಪೀಕಾದಲ್ಲಿ ಕಪ್ಪು ಮಕ್ಕಳ ಶಾಲೆಯ ಸೂರು ಸೋರುತ್ತಿತ್ತು. ಅದನ್ನು ಕಂಡು ಕೋರ್ಟ್ ಕರಗಿತು’ ಎಂದಿದ್ದೀರಿ. ಕರಗಲಿಲ್ಲ, ಸೋರಲೂ ಇಲ್ಲ. ಕಾನ್ಸಾಸ್‌ನ ಆ ಊರಿನಲ್ಲಿ ಕಟ್ಟಡ, ಪಠ್ಯಕ್ರಮ, ಶಿಕ್ಷಕರ ಅರ್ಹತೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎಂದು ಕೆಳಗಿನ ಕೋರ್ಟೇ ಹೇಳಿತ್ತು. ಇಡೀ ಪ್ರಕರಣದ ಕೀಲು ಇರುವುದೇ ಅಲ್ಲಿ. ಸೂರು ಸೋರುತ್ತಿದ್ದರೆ ಬಣ್ಣದ ಆಧಾರದ ಪ್ರತ್ಯೇಕತೆಯನ್ನು ಒಪ್ಪಿದ್ದ 1896ರ ಪ್ಲೆಸ್ಸಿ ತೀರ್ಪೇ ಸಾಕಿತ್ತು: ‘ಪ್ರತ್ಯೇಕ, ಆದರೆ ಸಮಾನ’ ಎಂದಿದೆಯಲ್ಲ, ಸಮಾನ ಮಾಡಿ, ರಿಪೇರಿ ಮಾಡಿಸಿ ಎಂದರೆ ಮುಗಿಯಿತು. ದಕ್ಷಿಣ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಯ ಪ್ರಕರಣದಲ್ಲಿ ಕೆಳಗಿನ ಕೋರ್ಟ್ ಮಾಡಿದ್ದೂ ಅದನ್ನೇ. ಸೌಲಭ್ಯ ಸರಿಸಮ ಇದ್ದಾಗಲೂ ಬಣ್ಣ ನೋಡಿ ಮಕ್ಕಳನ್ನು ಬೇರೆ ಕೂರಿಸುವುದೇ ಅಸಮಾನತೆಯಲ್ಲವೇ? ಪ್ರಶ್ನೆ ಇದು. 1954ರ ಮೇ 17ರಂದು ಒಂಬತ್ತೂ ನ್ಯಾಯಮೂರ್ತಿಗಳು ಹೌದೆಂದರು. ನಿಮ್ಮ ಸೋರುವ ಸೂರು ಓದುಗನಿಂದ ಈ ಪ್ರಶ್ನೆಯನ್ನೇ ಕಸಿದುಕೊಂಡಿದೆ.

ನಾವು ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ತೀರ್ಪಿನ ಸುದ್ದಿಗೆ ಮೊದಲು ಮೂರು ಸಾಲು ಬರೆಸುತ್ತಿದ್ದರು: ಅರ್ಜಿದಾರರು ಕೇಳಿದ್ದೇನು, ಯಾವ ಸಂಗತಿಯಲ್ಲಿ ತಕರಾರಿಲ್ಲ, ಆದೇಶ ಏನು. ನೀವು ಎಡವಿದ್ದು ಎರಡನೆಯದರಲ್ಲಿ, ಮೂರನೆಯದರಲ್ಲಿ.

‘ಸಂವಿಧಾನದ 14ನೇ ವಿಧಿ’ ನಮ್ಮದು ಸ್ವಾಮಿ. ಅವರದು 14ನೇ ತಿದ್ದುಪಡಿ, 1868ರದು. ಅಂಕಿ ಹೊಂದಿದ್ದು ಕಾಕತಾಳೀಯ. ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಮಾತು ಮಾತ್ರ ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ಬ್ರೌನ್ ಸೇರಿ ಒಟ್ಟಿಗೆ ವಿಚಾರಣೆಗೆ ಬಂದ ‘ಐದೂ ಪ್ರಕರಣಗಳಿಗೆ ಒಂದೇ ತೀರ್ಪು’ ಎಂಬುದೂ ತಪ್ಪು. ಆ ತಿದ್ದುಪಡಿಯ ಸಮಾನ ರಕ್ಷಣೆಯ ಮಾತು ಕಟ್ಟಿಹಾಕುವುದು ರಾಜ್ಯಗಳನ್ನು. ರಾಜಧಾನಿ ವಾಷಿಂಗ್ಟನ್ ರಾಜ್ಯವಲ್ಲವಾದ್ದರಿಂದ ಅಲ್ಲಿನ ಬೋಲಿಂಗ್ ಪ್ರಕರಣಕ್ಕೆ ಅದೇ ದಿನ, ಕೇಂದ್ರ ಸರ್ಕಾರವನ್ನು ಕಟ್ಟಿಹಾಕುವ 5ನೇ ತಿದ್ದುಪಡಿಯ ಆಧಾರದಲ್ಲಿ ಬೇರೆ ತೀರ್ಪು ಬರೆಯಬೇಕಾಯಿತು.

‘ಅಂದೇ ಅಮೆರಿಕದ ಶಾಲೆಗಳ ಬಾಗಿಲು ತೆರೆದವು.’ ನನಗೆ ತೀರಾ ಕಿರಿಕಿರಿಯಾದದ್ದು ಈ ಸಾಲು. 1954ರ ತೀರ್ಪಿನಲ್ಲಿ ಜಾರಿಯ ಆದೇಶವೇ ಇಲ್ಲ. ಅದು ಬಂದದ್ದು 1955ರ ಮೇ 31ರಂದು. ಅಲ್ಲೂ ಗಡುವಿಲ್ಲ, ‘ವಿವೇಚನೆಯಿಂದ ಕೂಡಿದ ವೇಗದಲ್ಲಿ’ ಎಂಬಂಥ ಜಾರುಮಾತು, ಉಳಿದದ್ದು ಜಿಲ್ಲಾ ಕೋರ್ಟುಗಳ ಪಾಲಿಗೆ. ಐದು ಪ್ರಕರಣಗಳಲ್ಲೊಂದು ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯದು. ಅಲ್ಲಿನವರು ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿದರು, 1959ರಿಂದ 1964ರವರೆಗೆ. ಆ ಬೀಗದಿಂದ ನಿಮ್ಮ ಕೊನೆಯ ಪ್ಯಾರಾ ಶುರು ಮಾಡಿ.

ಕಪ್ಪು, ಬಿಳಿ ಗೊಂಬೆಗಳಲ್ಲಿ ಯಾವುದು ಇಷ್ಟವೆಂದು ಮಕ್ಕಳನ್ನು ಕೇಳಿದ ಗೊಂಬೆ ಪ್ರಯೋಗದ ಭಾಗ ಅರ್ಧಕ್ಕಿಳಿಸಿ. ತೀರ್ಪಿನಲ್ಲಿ ಆ ಪ್ರಯೋಗ ಮಾಡಿದ ಮನೋವಿಜ್ಞಾನಿ ಕ್ಲಾರ್ಕ್ ಅವರ ಅಧ್ಯಯನಕ್ಕೆ ಸಿಕ್ಕಿದ್ದು 11ನೇ ಅಡಿಟಿಪ್ಪಣಿಯಲ್ಲೊಂದು ಉಲ್ಲೇಖ, ನೀವು ಕೊಟ್ಟದ್ದು ಒಂದೂವರೆ ಪುಟ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.