ಟೈಪ್ 1 ಶುಗರ್ ಇದೆ, ಮೂರು ವಾರ ವಿದೇಶಕ್ಕೆ ಹೋಗಬಹುದಾ? ಏನೇನು ನೋಡಿಕೊಳ್ಳಬೇಕು?

ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತಗೊಳ್ಳುತ್ತೀರಿ, ಮೊದಲ ಸಲ ವಿದೇಶಕ್ಕೆ ಹೊರಟಿದ್ದೀರಿ, ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳಿ ಹೆದರಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ಹೋಗಿ ಬನ್ನಿ. ನನಗೂ ಅದೇ ಕಾಯಿಲೆ, ಹದಿನಾರು ವರ್ಷ ಆಯಿತು. ನಾನು ಡಾಕ್ಟರ್ ಅಲ್ಲ, ಡೋಸ್ ವಿಷಯಕ್ಕೆ ನನ್ನ ಮಾತು ಕೇಳಬೇಡಿ. ಉಳಿದದ್ದಕ್ಕೆ ಕೇಳಬಹುದು, ಯಾಕೆಂದರೆ ಮಾಡಬಾರದ ತಪ್ಪುಗಳನ್ನೆಲ್ಲ ಒಂದೊಂದು ಸಲ ಮಾಡಿ ಮುಗಿಸಿದ್ದೇನೆ.

ಮೊದಲು ಫ್ರಿಜ್ ಕಥೆ ಹೇಳುತ್ತೇನೆ. ನನ್ನ ಮೊದಲ ಪ್ರವಾಸದಲ್ಲಿ ಹೋಟೆಲ್ ತಲುಪಿದ ರಾತ್ರಿ ಇನ್ಸುಲಿನ್ ತುಂಬಿದ ಚುಚ್ಚುವ ಪೆನ್ನುಗಳನ್ನು ರೂಮಿನ ಪುಟ್ಟ ಫ್ರಿಜ್‌ನಲ್ಲಿ ಜೋಪಾನವಾಗಿ ಇಟ್ಟೆ. ಜಾಗ ಕಮ್ಮಿ ಇತ್ತು. ನೀರಿನ ಬಾಟಲಿಗಳ ಹಿಂದೆ, ಗೋಡೆಗೆ ತಾಗುವ ಹಾಗೆ ತಳ್ಳಿದೆ. ಬೆಳಿಗ್ಗೆ ತೆಗೆದು ನೋಡಿದರೆ ಪೆನ್ನಿನ ಮೇಲೆಲ್ಲ ಬಿಳಿ ಪುಡಿ ಕೂತಿದೆ, ಒಳಗಿನದು ಅಲ್ಲಾಡುತ್ತಲೇ ಇಲ್ಲ. ಮೂರೂ ಹೆಪ್ಪುಗಟ್ಟಿದ್ದವು. ಅಂಗೈಯಲ್ಲಿ ಹಿಡಿದುಕೊಂಡರೆ ಕರಗಿ ಮೊದಲಿನ ಹಾಗೇ ತಿಳಿಯಾಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಎಸೆದೆ. ಪುಣ್ಯಕ್ಕೆ ಇನ್ನೆರಡು ಪೆನ್ನು ಹೆಂಡತಿಯ ಬ್ಯಾಗಿನಲ್ಲಿದ್ದವು. ಜಾಣತನ ಏನಲ್ಲ, ನನ್ನ ಬ್ಯಾಗು ತುಂಬಿತ್ತು ಅಂತ ಅಲ್ಲಿ ತುರುಕಿದ್ದೆ ಅಷ್ಟೇ.

ಆವತ್ತಿನಿಂದ ಅದನ್ನೇ ರೂಢಿ ಮಾಡಿಕೊಂಡೆ. ಬೇಕಾದ್ದಕ್ಕಿಂತ ಎರಡು ಪಾಲು ಔಷಧಿ, ಎರಡು ಬೇರೆ ಬೇರೆ ಬ್ಯಾಗಿನಲ್ಲಿ, ಎರಡೂ ವಿಮಾನದಲ್ಲಿ ನಿಮ್ಮ ಜೊತೆಗೇ. ಸೂಜಿ, ಶುಗರ್ ನೋಡುವ ಸ್ಟ್ರಿಪ್, ಮೀಟರಿನ ಬ್ಯಾಟರಿ ಕೂಡ. ಕೆಳಗೆ ಹಾಕುವ ಲಗೇಜಿಗೆ ಮಾತ್ರ ಇನ್ಸುಲಿನ್ ಕೊಡಬೇಡಿ. ಅಲ್ಲಿ ಹೆಪ್ಪುಗಟ್ಟಬಹುದು, ಬ್ಯಾಗೇ ಬೇರೆ ಊರಿಗೆ ಹೋಗಿಬಿಡಬಹುದು. ಇನ್ನೊಂದು ಮಾತು, ಫ್ರಿಜ್ ಬಗ್ಗೆ ನಾವು ಜಾಸ್ತಿನೇ ತಲೆ ಕೆಡಿಸಿಕೊಳ್ಳುತ್ತೇವೆ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ನಿಜ. ಬಳಸುತ್ತಿರುವ ಪೆನ್ನು ಬಿಸಿಲು ತಾಗದ ಕಡೆ ಹೊರಗೇ ಇರಬಹುದು, ಬಹಳಷ್ಟು ಪೆನ್ನುಗಳು ಸುಮಾರು ನಾಲ್ಕು ವಾರ ಬರುತ್ತವೆ. ನಿಮ್ಮದಕ್ಕೆ ಎಷ್ಟು ದಿನ, ಎಷ್ಟು ಡಿಗ್ರಿ ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ. ಸೆಕೆ ಇರುವ ಕಡೆಗೆ, ನೀರಲ್ಲಿ ನೆನೆಸಿ ಬಳಸುವ ತಂಪು ಚೀಲ ಸಿಗುತ್ತದೆ. ನೀರು ಆರುತ್ತಾ ಆರುತ್ತಾ ಒಳಗೆ ತಂಪಾಗುತ್ತದೆ, ಕರೆಂಟೂ ಬೇಡ, ಐಸೂ ಬೇಡ.

ಏರ್‌ಪೋರ್ಟ್ ತಪಾಸಣೆಗೆ ಎಲ್ಲರೂ ಹೆದರುತ್ತಾರೆ, ನನಗೆ ಅಲ್ಲಿ ಎಂದೂ ತೊಂದರೆ ಆಗಿಲ್ಲ. 100 ಎಂಎಲ್ ದ್ರವದ ನಿಯಮದಿಂದ ಔಷಧಿಗೆ ವಿನಾಯಿತಿ ಇದೆ. ಡಾಕ್ಟರ ಪತ್ರ ಕೈಯಲ್ಲಿರಲಿ, ಔಷಧಿ ಅದರ ಮೂಲ ಡಬ್ಬಿಯಲ್ಲೇ ಇರಲಿ. ಮೈಗೆ ಹಾಕಿಕೊಳ್ಳುವ ಇನ್ಸುಲಿನ್ ಪಂಪ್ ಅಥವಾ ಶುಗರ್ ತೋರಿಸುವ ಸೆನ್ಸರ್ ಇದ್ದರೆ ಸ್ಕ್ಯಾನರ್ ಒಳಗೆ ಹೋಗಬಹುದಾ ಅಂತ ಅದರ ಕೈಪಿಡಿ ನೋಡಿ. ಕೆಲವಕ್ಕೆ ಆಗಿಬರುವುದಿಲ್ಲ. ಆಗ ಕೈಯಿಂದಲೇ ತಪಾಸಣೆ ಮಾಡಿ ಅಂತ ಕೇಳಿದರಾಯಿತು.

ಪತ್ರದಲ್ಲಿ ಕಂಪನಿ ಇಟ್ಟ ಹೆಸರಷ್ಟೇ ಸಾಲದು, ಔಷಧಿಯ ಅಸಲು ಹೆಸರೂ ಬೇಕು. ಅದೂ ಕೆಲವೊಮ್ಮೆ ದೇಶಕ್ಕೊಂದು ಇರುತ್ತದೆ. ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್. ಇನ್ಸುಲಿನ್ ಬಿಟ್ಟು ಬೇರೆ ಮಾತ್ರೆ ಒಯ್ಯುವುದಾದರೆ ಆ ದೇಶದ ನಿಯಮ ಮೊದಲೇ ನೋಡಿ. ಸೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಜಾಸ್ತಿ ಇರುವ ಶೀತದ ಮಾತ್ರೆಯನ್ನು ಜಪಾನಿಗೆ ಒಯ್ಯುವ ಹಾಗಿಲ್ಲ. ಟ್ರಮಡಾಲ್‌ನಂಥ ನೋವಿನ ಮಾತ್ರೆ ದುಬೈ, ಅಬುಧಾಬಿಗೆ ಒಯ್ಯಲು ಮೊದಲೇ ಅನುಮತಿ ಬೇಕು.

ಒಂದು ಸಲ ಪ್ರವಾಸದ ಮಧ್ಯೆ ಮೀಟರ್ ಕೆಟ್ಟು ಅಲ್ಲೇ ಹೊಸದು ಕೊಂಡೆ. ಬೆರಳು ಚುಚ್ಚಿ ನೋಡಿದರೆ 6.2 ಅಂತ ತೋರಿಸಿತು. ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಅಲ್ಲಿನ ಲೆಕ್ಕವೇ ಬೇರೆ, ನಮ್ಮದು mg/dL, ಅವರದು mmol/L. ಅವರದನ್ನು 18ರಿಂದ ಗುಣಿಸಿದರೆ ನಮ್ಮದು. 6.2 ಅಂದರೆ 112, ಚೆನ್ನಾಗಿಯೇ ಇದೆ. ಇನ್ಸುಲಿನ್ ಅಲ್ಲೇ ಕೊಳ್ಳುವ ಪರಿಸ್ಥಿತಿ ಬಂದರೆ ಇದಕ್ಕಿಂತ ಹುಷಾರಾಗಿರಬೇಕು. ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವುದೂ ಉಂಟು, 100 ಇರುವುದೂ ಉಂಟು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತದೆ.

ಸಮಯದ ವ್ಯತ್ಯಾಸಕ್ಕೆ ಟಿಕೆಟ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಪಶ್ಚಿಮಕ್ಕೆ ಹಾರಿದರೆ ಆ ದಿನ ಉದ್ದ, ಪೂರ್ವಕ್ಕೆ ಹಾರಿದರೆ ಗಿಡ್ಡ. ಯಾವ ಹೊತ್ತಿಗೆ ಎಷ್ಟು ಅಂತ ಅವರಿಂದಲೇ ಬರೆಸಿಕೊಳ್ಳಿ.

ಇಷ್ಟೆಲ್ಲ ಸರಿಯಾಗಿದ್ದರೂ ನನ್ನನ್ನು ಸಿಕ್ಕಾಪಟ್ಟೆ ಕಾಡಿದ್ದು ನಡಿಗೆ. ಮನೆಯಲ್ಲಿದ್ದಾಗ ಅಷ್ಟು ನಡೆಯುವುದಿಲ್ಲವಲ್ಲ, ಡೋಸ್ ಮಾತ್ರ ಅದೇ. ಶುಗರ್ ಇಳಿಯುತ್ತದೆ, ಎಷ್ಟೋ ಸಲ ರಾತ್ರಿ ಮಲಗಿದ ಮೇಲೆ. ಒಂದು ಮ್ಯೂಸಿಯಂನಲ್ಲಿ ಬ್ಯಾಗನ್ನು ಬಾಗಿಲಲ್ಲೇ ಇಡಿಸಿಕೊಂಡರು. ಎರಡನೇ ಮಹಡಿಯಲ್ಲಿ ಕೈ ನಡುಗತೊಡಗಿತು, ಬೆನ್ನು ಬೆವೆತಿತು. ಗ್ಲೂಕೋಸ್ ಮಾತ್ರೆ ಎಲ್ಲಿತ್ತು ಅಂತೀರಿ? ಬ್ಯಾಗಿನಲ್ಲಿ! ಯಾರದೋ ಮಗುವಿನ ಜ್ಯೂಸ್ ಕೇಳಿ ಕುಡಿದೆ. ನಾಚಿಕೆಪಡಲು ಪುರುಸೊತ್ತಿರಲಿಲ್ಲ. ಈಗ ಮಾತ್ರೆ ಅಂಗಿಯ ಜೇಬಿನಲ್ಲೇ ಇರುತ್ತದೆ. 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಕೂತುಕೊಂಡು ಮತ್ತೆ ಪರೀಕ್ಷೆ. ಜೊತೆಗಿರುವವರಿಗೂ ಇದನ್ನು ಹೇಳಿಕೊಟ್ಟಿರಿ.

ವಾಂತಿ ಭೇದಿ ಶುರುವಾದರೆ, ಊಟ ಮಾಡಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ನಮ್ಮಂಥವರು ಆಸ್ಪತ್ರೆ ಸೇರುವುದು ಹೀಗೇ. ಓಆರ್‌ಎಸ್ ಮತ್ತು ಕೀಟೋನ್ ಸ್ಟ್ರಿಪ್ ಇಟ್ಟುಕೊಂಡಿರಿ. ಕೀಟೋನ್ ಅಂದರೆ ಇನ್ಸುಲಿನ್ ಸಾಲದಾದಾಗ ಮೈಯಲ್ಲಿ ಏರುವ ಆಮ್ಲ. ಕೀಟೋನ್ ಏರಿದರೆ, ಕುಡಿದದ್ದು ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಇನ್ಶೂರೆನ್ಸ್ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ, ಬಿಲ್ ಕಟ್ಟುವ ಹೊತ್ತಿಗೆ ಅದನ್ನೇ ಹಿಡಿದು ಇಲ್ಲ ಅನ್ನುತ್ತಾರೆ.

ಯಾವ ದೇಶ ಅಂತ ನೀವು ಬರೆದೇ ಇಲ್ಲ. ಹೇಳಿದರೆ, ನಾನು ಹೋಗಿದ್ದ ಜಾಗವಾಗಿದ್ದರೆ ಇನ್ನಷ್ಟು ಸೇರಿಸುತ್ತೇನೆ. ಮತ್ತೆ, ಹೊಸ ಶೂ ಕೊಂಡಿದ್ದರೆ ಇವತ್ತಿನಿಂದಲೇ ಮನೆಯಲ್ಲಿ ಹಾಕಿಕೊಂಡು ಓಡಾಡಿ.